ಕಾರಿನ ಉಸಿರಿನ ಲೆಕ್ಕ

ಅಕ್ಕನ ಮಗ ತನ್ನ ಸ್ವಿಫ್ಟ್ ಕಾರಿಗೆ, ಎಂಜಿನ್ನಿಗೆ ತಣ್ಣನೆಯ ಗಾಳಿ ಒದಗಿಸುತ್ತದೆನ್ನುವ ‘ಕೋಲ್ಡ್ ಏರ್ ಇಂಟೇಕ್’ ಹಾಕಿಸುವ ಹುಮ್ಮಸ್ಸಿನಲ್ಲಿ ಮನೆಗೆ ಬಂದಿದ್ದ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನೋಡಿಕೊಂಡು ಬಂದಿದ್ದನಂತೆ: ಫಳಫಳ ಹೊಳೆಯುವ ಅಲ್ಯೂಮಿನಿಯಂ ಪೈಪು, ಅದರ ತುದಿಗೆ ಕೋನ್ ಆಕಾರದ ಕೆಂಪು ಫಿಲ್ಟರು. “ಪಿಕಪ್ ಜಾಸ್ತಿ ಆಗುತ್ತಂತೆ ಮಾವ, ಮೈಲೇಜೂ ಬರುತ್ತಂತೆ. ಹಾಕಿಸ್ಲಾ?” ಎಂದ. ಅಳೆದು ನೋಡಿಯೇ ಹೇಳೋಣ ಎಂದು ಇಬ್ಬರೂ ಕಾರಿನ ಹತ್ತಿರ ಹೋದೆವು.

ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಸಿಕ್ಕಿಸುವ ಒಂದು ಸಾಕೆಟ್ ಇರುತ್ತದೆ. ಅಲ್ಲಿಗೆ ಬೆಂಕಿಪೊಟ್ಟಣದಷ್ಟು ಬ್ಲೂಟೂತ್ ಅಡಾಪ್ಟರ್ ಹಾಕಿದರೆ ಎಂಜಿನ್ನಿನ ಸೆನ್ಸರುಗಳು ಹೇಳುವುದೆಲ್ಲ ಫೋನಿನಲ್ಲಿ ಕಾಣುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದೆವು. ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಒತ್ತಡ 91 ಕಿಲೊಪಾಸ್ಕಲ್. ಅದು ಬೆಂಗಳೂರಿನ ಹವೆಯ ಒತ್ತಡವೇ. ಸಮುದ್ರಮಟ್ಟದಲ್ಲಾದರೆ 101 ಇರುತ್ತದೆ, ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಎಂಜಿನ್ ಸ್ಟಾರ್ಟ್ ಆಗಿದ್ದೇ ತಡ, ಅಂಕಿ 33ಕ್ಕೆ ಬಿತ್ತು. “ನೋಡಿದ್ರಾ ಮಾವ, ಗಾಳಿ ಸಾಲ್ತಿಲ್ಲ!” ಎಂದ ಹುಡುಗ.

ಸಾಲದೇ ಇರುವುದು ನಿಜ, ಆದರೆ ತಡೆಯುತ್ತಿರುವುದು ಫಿಲ್ಟರಲ್ಲ. ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಹತೋಟಿಯಲ್ಲಿಡುವುದೇ ಗಾಳಿಯನ್ನು ತಡೆದು. ಆಕ್ಸಿಲರೇಟರ್ ಒತ್ತಿದಾಗ ತೆರೆಯುವುದು ಪೆಟ್ರೋಲಿನ ನಲ್ಲಿಯಲ್ಲ, ಥ್ರಾಟಲ್ ಎಂಬ ಗಾಳಿಯ ಬಾಗಿಲು. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕು, ಒಳಗೆ ಬಂದ ಗಾಳಿಯ ಲೆಕ್ಕ ಹಿಡಿದು ಕಾರಿನ ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ. ಊರೊಳಗೆ ಓಡಿಸುವಾಗ ಆ ಬಾಗಿಲು ಬಹುಪಾಲು ಮುಚ್ಚಿಯೇ ಇರುತ್ತದೆ. ಮನೆ ಬಾಗಿಲು ಮುಚ್ಚಿರುವಾಗ ಅಂಗಳದ ಗೇಟು ಅಗಲ ಮಾಡಿದರೆ ಒಳಗೆ ಗಾಳಿ ಬಂದೀತೇ? ಮೈಲೇಜಿನ ಮಾತು ಬಿದ್ದುಹೋಗುವುದೂ ಇಲ್ಲಿಯೇ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿತ್ತು. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರು ಕಟ್ಟಿಕೊಂಡಿದ್ದರೂ ಮೈಲೇಜ್ ಹೆಚ್ಚುಕಡಿಮೆ ಅಷ್ಟೇ ಇತ್ತು. ಜೋರಾಗಿ ವೇಗ ಹಿಡಿಯುವ ತಾಕತ್ತು ಮಾತ್ರ ಕುಗ್ಗಿತ್ತು.

ಹಾಗಾದರೆ ಪೂರ್ತಿ ಒತ್ತಿದಾಗ? ಇದು ನ್ಯಾಯವಾದ ಪ್ರಶ್ನೆ. 1,197 ಸಿಸಿ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ ಹತ್ತಿರಹತ್ತಿರ 60 ಲೀಟರ್ ಗಾಳಿ ಎಳೆಯಬಲ್ಲದು, ಅಂದರೆ ಮನೆಗೆ ಬರುವ ನೀರಿನ ಕ್ಯಾನಿನ ಲೆಕ್ಕದಲ್ಲಿ ಸೆಕೆಂಡಿಗೆ ಮೂರು ಕ್ಯಾನ್. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ, ಎರಡನೇ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿ ನೋಡಿದೆವು. ಅಂಕಿ 88. ಹೊರಗಿನ 91ಕ್ಕೂ ಒಳಗಿನ 88ಕ್ಕೂ ಇರುವ ಆ ಮೂರರ ಅಂತರವೇ ಫಿಲ್ಟರು, ಪೈಪು, ಥ್ರಾಟಲ್ ಎಲ್ಲ ಸೇರಿ ಒಡ್ಡಿದ ತಡೆ. ಎಲ್ಲವನ್ನೂ ಕಿತ್ತೆಸೆದರೂ ಸಿಗುವುದು ಶೇ. 3ರಷ್ಟು ಗಾಳಿ. ಬರೀ ಫಿಲ್ಟರಿನ ಪಾಲು ಇನ್ನೂ ಕಡಿಮೆ.

ಅಷ್ಟನ್ನೂ ಶಾಖ ನುಂಗಿಬಿಡಬಹುದು. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 3 ಇಳಿಯುತ್ತದೆ. ಕಂಪನಿಯವರು ಫಿಲ್ಟರ್ ಕೂರಿಸಿದ ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಮೂತಿ ಎಲ್ಲಿಗೆ ಹೋಗುತ್ತದೆಂದು ಬಾನೆಟ್ ಎತ್ತಿ ನೋಡಿ. ಬಹಳಷ್ಟು ಕಾರುಗಳಲ್ಲಿ ಅದು ಗ್ರಿಲ್ಲಿನ ಹಿಂದೆಯೋ ಹೆಡ್‌ಲೈಟ್ ಪಕ್ಕದಲ್ಲೋ ಹೊರಗಿನ ಗಾಳಿಗೇ ಬಾಯಿ ತೆರೆದಿರುತ್ತದೆ. ತಣ್ಣನೆಯ ಗಾಳಿಯ ವ್ಯವಸ್ಥೆ ಮೊದಲೇ ಇದೆ! ಅದನ್ನು ತೆಗೆದು ಬಾನೆಟ್ಟಿನೊಳಗೆ ಬೋಳು ಕೋನ್ ಫಿಲ್ಟರ್ ನಿಲ್ಲಿಸಿದರೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅದು ಕುಡಿಯುವುದು ರೇಡಿಯೇಟರ್ ಉಗುಳಿದ ಬಿಸಿಗಾಳಿಯನ್ನು. 20 ಡಿಗ್ರಿ ಏರಿದರೆ ಶೇ. 6 ನಷ್ಟ. ಗಾಳಿ ಬಿಸಿಯಾದಷ್ಟೂ ಪೆಟ್ರೋಲ್ ತಾನಾಗಿಯೇ ಸಿಡಿದು ಎಂಜಿನ್ ‘ನಾಕ್’ ಮಾಡುವ ಭಯ ಹೆಚ್ಚು. ಆಗ ಕಂಪ್ಯೂಟರ್ ಕಿಡಿ ಹಾರುವುದನ್ನೇ ತಡಮಾಡಿ ಇನ್ನಷ್ಟು ಶಕ್ತಿ ಕಡಿಯುತ್ತದೆ.

ಆದರೂ ಹಾಕಿಸಿಕೊಂಡವರು ‘ಗಾಡಿ ಎದ್ದು ಓಡುತ್ತೆ’ ಅನ್ನುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಎಂಜಿನ್ ಬಿಟ್ಟುಬಿಟ್ಟು ಗಾಳಿ ಎಳೆಯುವುದರಿಂದ ಪೈಪಿನಲ್ಲಿ ಭೋರೆಂಬ ಸದ್ದು ಹುಟ್ಟುತ್ತದೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಒಂದೇ ಶ್ರುತಿಯಲ್ಲಿ ‘ಹೂಂ’ ಅನ್ನುತ್ತದಲ್ಲ, ಅದು ಹೆಲ್ಮ್‌ಹೋಲ್ಟ್ಸ್ ಅನುರಣಕ. ಕಂಪನಿಯವರು ಅಂಥದ್ದೇ ಒಂದು ಟೊಳ್ಳು ಗೂಡನ್ನು ಪೈಪಿಗೆ ಅಂಟಿಸಿ, ಕಿರಿಕಿರಿಯ ಶ್ರುತಿಯನ್ನು ಅಲ್ಲೇ ಅಡಗಿಸಿರುತ್ತಾರೆ. ಅದನ್ನು ಕಿತ್ತರೆ ಗುಡುಗು ಹೊರಬರುತ್ತದೆ, ಕಿವಿ ಅದನ್ನು ವೇಗವೆಂದೇ ನಂಬುತ್ತದೆ. ಆ ಸದ್ದಿಗಾಗಿಯೇ ದುಡ್ಡು ಕೊಡುತ್ತೇನೆ ಅನ್ನುವವರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಧೂಳಿನ ಬಗ್ಗೆ. ನಮ್ಮ ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇದೆ. ಅದು ಸಿಲಿಂಡರಿನ ಗೋಡೆಯನ್ನು ಗೀರಬಲ್ಲಷ್ಟು ಗಟ್ಟಿ. ಗಾಳಿಗೆ ಸಲೀಸಾಗಿ ದಾರಿ ಬಿಡುವ ಅಗ್ಗದ ಜಾಲರಿ ಫಿಲ್ಟರು ಧೂಳಿಗೂ ದಾರಿ ಬಿಡುತ್ತದೆ. ತಣ್ಣನೆಯ ಗಾಳಿಗೆಂದು ಪೈಪನ್ನು ಬಂಪರಿನ ಕೆಳಗೆ ಇಳಿಸುವುದಂತೂ ಮಳೆಗಾಲದಲ್ಲಿ ಅಪಾಯವೇ ಸರಿ. ಅಂಡರ್‌ಪಾಸಿನಲ್ಲಿ ನಿಂತ ನೀರನ್ನು ಎಂಜಿನ್ ಒಂದು ಗುಟುಕು ಎಳೆದರೆ ಸಾಕು. ನೀರನ್ನು ಗಾಳಿಯ ಹಾಗೆ ಹಿಚುಕಲು ಆಗುವುದಿಲ್ಲ, ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡೇ ಬಾಗುತ್ತದೆ. ರೇಸ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ, ಟರ್ಬೊ ಎಂಜಿನ್ನಿನ ಟ್ಯೂನಿಂಗ್ ಬದಲಿಸಿ ಶಕ್ತಿ ಏರಿಸಿಕೊಂಡವರಿಗೆ, ಮುಚ್ಚಿದ ಡಬ್ಬಿಯಿರುವ ಒಳ್ಳೆಯ ಇಂಟೇಕ್ ಕೆಲಸಕ್ಕೆ ಬಂದೀತು. ನಮ್ಮ ಹುಡುಗನ ಕಾರಿಗೆ ಬೇಕಿದ್ದದ್ದು ಹೊಸ ಪೇಪರ್ ಫಿಲ್ಟರು. ಹಳೆಯದನ್ನು ಹೊರಗೆಳೆದರೆ ಮಡಿಕೆ ಮಡಿಕೆಯಲ್ಲೂ ಕೆಮ್ಮಣ್ಣು, ಒಂದು ಒಣಗಿದ ಹೊಂಗೆ ಎಲೆ.

ಮುಂದಿನ ವಾರ ಅದೇ ಕಾರಿನಲ್ಲಿ ಮಂಗಳೂರಿಗೆ ಹೊರಟೆವು. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವನು ಎಂಜಿನ್ ಆಫ್ ಮಾಡಿ, ಮತ್ತೆ ಕೀ ತಿರುಗಿಸಿ, ಫೋನ್ ನನ್ನ ಮುಂದೆ ಹಿಡಿದ. 100 ಎಂದಿತ್ತು.