ಮದಿರಾನ್ ವೈನ್ ಇಷ್ಟು ಒಗರು ಯಾಕೆ, ಜೊತೆಗೆ ಏನು ತಿನ್ನಬೇಕು?

ಪ್ರಶ್ನೆ: ಕೆಲಸದ ಮೇಲೆ ಫ್ರಾನ್ಸಿನ ತುಲೂಸ್‌ಗೆ ಹೋಗಿದ್ದಾಗ ಎರಡು ಬಾಟಲಿ ಮದಿರಾನ್ ರೆಡ್ ವೈನ್ ತಂದೆ. ಅಲ್ಲಿ ಚೆನ್ನಾಗಿತ್ತು. ಬೆಂಗಳೂರಲ್ಲಿ ಓಪನ್ ಮಾಡಿದರೆ ಬಾಯೆಲ್ಲ ಒಗರು, ಮೂಗಿಗೆ ಸ್ಪಿರಿಟ್ ವಾಸನೆ. ಕೆಟ್ಟಿದೆಯಾ? ಇದರ ಜೊತೆ ಏನು ತಿನ್ನಬೇಕು?

ಉತ್ತರ: ಕೆಟ್ಟಿಲ್ಲ. ವಿಮಾನ ಕಂಪನಿ ಏರ್‌ಬಸ್ ಕೆಲಸಕ್ಕೆ ತುಲೂಸ್‌ಗೆ ಓಡಾಡುವವರು ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ಮದಿರಾನ್ ಇರುವುದು ಫ್ರಾನ್ಸಿನ ನೈಋತ್ಯದಲ್ಲಿ, ಪಿರನೀಸ್ ಬೆಟ್ಟಗಳಿಗೆ ಸ್ವಲ್ಪ ಉತ್ತರಕ್ಕೆ. ಅಲ್ಲಿನ ಮುಖ್ಯ ದ್ರಾಕ್ಷಿ ತನ್ನಾ. ಅದರ ಸಿಪ್ಪೆ, ಬೀಜಗಳಲ್ಲಿ ಟ್ಯಾನಿನ್, ಅಂದರೆ ಒಗರು ಕೊಡುವ ಅಂಶ, ವಿಪರೀತ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರುವಿಕೆ ಹೋಗಿ, ನೇರಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಹಿಡಿದುಕೊಳ್ಳುತ್ತದೆ. ಆ ಒಗರು ಈ ವೈನಿನ ಹುಟ್ಟುಗುಣ.

ಆದರೆ ಸ್ಪಿರಿಟ್ ವಾಸನೆಯ ಹೊಣೆ ನಿಮ್ಮದು. "ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲೇ ಕುಡಿಯಬೇಕು, ಫ್ರಿಜ್‌ಗೆ ಇಡಬಾರದು" ಅಂತ ಯಾರೋ ಹೇಳಿರುತ್ತಾರೆ, ಅಲ್ವಾ? ಎಷ್ಟು ಸಲ ಹೇಳಿದರೂ ಈ ಮಾತು ಸಾಯುವುದಿಲ್ಲ. ಸ್ವಾಮಿ, ಯಾರ ಮನೆಯ ರೂಮು? ಹೀಟರ್ ಬರುವ ಮುಂಚಿನ ಫ್ರೆಂಚ್ ಕಲ್ಲುಮನೆಯ ರೂಮು. ನೆಲಮಾಳಿಗೆಯಲ್ಲಿ 12 ಡಿಗ್ರಿ ಆಸುಪಾಸಿನಲ್ಲಿದ್ದ ಬಾಟಲಿಯನ್ನು ಮೇಲೆ ತಂದಿಟ್ಟರೆ 16, 17ಕ್ಕೆ ಏರುತ್ತಿತ್ತು. ಸಲಹೆ ಅಷ್ಟಕ್ಕೇ ಇದ್ದದ್ದು. ಏಪ್ರಿಲ್ ಸಂಜೆ ಬೆಂಗಳೂರಿನ ಹಾಲ್ 28 ಡಿಗ್ರಿ. ಆ ಬಿಸಿಗೆ ಆಲ್ಕೋಹಾಲ್ ಬೇಗ ಆವಿಯಾಗಿ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಅದರ ಹಿಂದೆ ಮುಚ್ಚಿಹೋಗುತ್ತದೆ. ಮಂಗಳೂರಲ್ಲಿ ಕುಡಿದರಂತೂ ಕೇಳಲೇಬೇಡಿ.

ಹಾಗಂತ ಇಡೀ ರಾತ್ರಿ ಫ್ರಿಜ್‌ನಲ್ಲಿಟ್ಟು ತಣ್ಣಗೆ ಸುರಿದುಕೊಳ್ಳಬೇಡಿ. ತೀರಾ ತಣ್ಣಗಾದರೆ ಒಗರು, ಕಹಿ ಎರಡೂ ಎದ್ದು ಕಾಣುತ್ತವೆ. ಬೇಕಾದ್ದು 16ರಿಂದ 18 ಡಿಗ್ರಿ. ಫ್ರಿಜ್‌ನಲ್ಲಿ ಒಂದು ಗಂಟೆ, ಸೆಕೆ ಜಾಸ್ತಿಯಿದ್ದರೆ ಒಂದೂವರೆ. ಅವಸರವಿದ್ದರೆ ಐಸ್ ಮತ್ತು ನೀರು ತುಂಬಿದ ಬಕೆಟ್‌ನಲ್ಲಿ ಹತ್ತು ಹದಿನೈದು ನಿಮಿಷ. ನೀರು ಹಾಕುವುದನ್ನು ಮರೆಯಬೇಡಿ, ಬರೀ ಐಸ್ ಬಾಟಲಿಯನ್ನು ಸರಿಯಾಗಿ ಮುಟ್ಟುವುದಿಲ್ಲ. ಥರ್ಮಾಮೀಟರ್ ಏನೂ ಬೇಡ, ಬಾಟಲಿ ಮುಟ್ಟಿದರೆ ಹಿತವಾಗಿ ತಂಪಿದ್ದರೆ ಸಾಕು.

ಇನ್ನು ಊಟ. ಮದಿರಾನ್ ಸುತ್ತಮುತ್ತ ಬಾತುಕೋಳಿಯದ್ದೇ ಅಡುಗೆ. ಉಪ್ಪು ಹಚ್ಚಿ ಅದರದೇ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸಿದ ಕಾಲಿನ ತುಂಡು, ಅಂದರೆ ಕಾನ್ಫಿ. ಬಿಳಿ ಬೀನ್ಸ್, ಸಾಸೇಜ್ ಹಾಕಿ ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ಕಾಸುಲೆ. ಟ್ಯಾನಿನ್‌ಗೆ ಹಿಡಿದುಕೊಳ್ಳಲು ಮಾಂಸದ ಪ್ರೋಟೀನ್, ಕೊಬ್ಬು ಸಿಕ್ಕರೆ ನಾಲಿಗೆಯನ್ನು ಬಿಡುತ್ತದೆ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ತುಲೂಸ್‌ನಲ್ಲಿ ಚೆನ್ನಾಗಿತ್ತು ಅಂದಿರಲ್ಲ, ತಟ್ಟೆಯಲ್ಲಿ ಏನಿತ್ತು ನೆನಪಿಸಿಕೊಳ್ಳಿ. ನಮ್ಮ ಕಡೆಯದ್ದೇ ಬೇಕೆಂದರೆ ಕೊಡಗಿನ ಪಂದಿ ಕರಿ, ಖಾರ ಸ್ವಲ್ಪ ಹಿಡಿದು ಮಾಡಿದ್ದು. ಒಣಮೆಣಸಿನಕಾಯಿಯ ಉರಿ ಬೇಡ, ಆಲ್ಕೋಹಾಲ್ ಸೇರಿ ಬಾಯಿ ಸುಡುತ್ತದೆ. ಮಾಂಸ ತಿನ್ನದವರು ಗಟ್ಟಿ ಚೀಸ್ ಇಟ್ಟುಕೊಳ್ಳಿ. ಅಲ್ಲಿಯವರು ಬೆಟ್ಟದ ಕುರಿಹಾಲಿನ ಒಸ್ಸೋ ಇರಾತಿ ಚೀಸ್ ತಿನ್ನುತ್ತಾರೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಬಿರಡೆ ತೆಗೆದು ಒಂದು ಗಂಟೆ ಸುಮ್ನೆ ಇಟ್ಟರೆ ವೈನ್ ಉಸಿರಾಡುವುದಿಲ್ಲ, ಅಂದರೆ ಗಾಳಿ ಸೋಕಿ ಒಗರು ಮೆತ್ತಗಾಗುವುದಿಲ್ಲ. ಬಾಟಲಿಯ ಕತ್ತಿನಲ್ಲಿ ಗಾಳಿ ಸೋಕುವ ಜಾಗ ಒಂದು ನಾಣ್ಯದಷ್ಟೂ ಇರುವುದಿಲ್ಲ. ಅಗಲ ಬಾಯಿಯ ಜಗ್‌ಗೆ ಸುರಿದಿಡಿ. ಗಾಳಿಯ ಈ ಕೆಲಸವನ್ನು ಕಾರ್ಖಾನೆಯಲ್ಲೇ ಮಾಡಲು ಹೊರಟವರು ಕೂಡ ಮದಿರಾನ್‌ನವರೇ. 1990ರ ದಶಕದ ಆರಂಭದಲ್ಲಿ ಅಲ್ಲಿನ ವೈನ್ ತಯಾರಕ ಪಾತ್ರಿಕ್ ದ್ಯುಕೂರ್ನೊ ತೊಟ್ಟಿಯಲ್ಲಿರುವ ವೈನಿಗೆ ಸಣ್ಣ ಸಣ್ಣ ಆಮ್ಲಜನಕದ ಗುಳ್ಳೆ ಬಿಡುವ ವಿಧಾನ ರೂಢಿಸಿದರು. ಫ್ರಾನ್ಸಿನ ಹೆಸರಾಂತ ವೈನ್ ಪ್ರದೇಶವಾದ ಬೋರ್ಡೋದವರೂ ಅದನ್ನು ತೆಗೆದುಕೊಂಡರು. ಈಗಿನ ಎಷ್ಟೋ ಮದಿರಾನ್ ಬೇಗ ಮೆತ್ತಗಾಗುವುದು ಇದರಿಂದ. ಹಳೆ ಪದ್ಧತಿಯಲ್ಲಿ ಮಾಡಿದ್ದನ್ನು ಇನ್ನೂ ಎಳೆಯದಾಗಿರುವಾಗಲೇ ಓಪನ್ ಮಾಡಿದರೆ ಜಗ್‌ನಲ್ಲಿ ಎರಡು ಗಂಟೆಯಾದರೂ ಬಿಡಿ. ಎರಡನೇ ಬಾಟಲಿ ಇದೆಯಲ್ಲ, ಅದರ ಮೇಲಿನ ವರ್ಷ ನೋಡಿ. ತೀರಾ ಈಚಿನದಾದರೆ ತಂಪು ಜಾಗದಲ್ಲಿ ಅಡ್ಡ ಮಲಗಿಸಿಡಿ. ಅಡುಗೆಮನೆಯ ಶೆಲ್ಫ್ ಮಾತ್ರ ಬೇಡ.