ಅಪರಾಧದಿಂದ ಸಮಾಜಕ್ಕೆ ಉಪಯೋಗ ಅಂದ್ರೆ ಕಳ್ಳನನ್ನು ಹೊಗಳಿದ ಹಾಗಲ್ವಾ?

ಪ್ರಶ್ನೆ: ಅಪರಾಧ ಸಹಜ, ಅದರಿಂದ ಸಮಾಜಕ್ಕೆ ಉಪಯೋಗವೂ ಇದೆ ಅಂತ ಡರ್ಖೈಮ್ ಹೇಳಿದ್ದಾರೆ ಎಂದು ಪಾಠದಲ್ಲಿ ಓದಿದೆ. ಮನೆ ಕಳ್ಳತನವಾಗಿ ಅಳುತ್ತಾ ಕೂತವರ ಮುಂದೆ ಈ ಮಾತು ಆಡೋಕಾಗುತ್ತಾ? ಇದು ಅಪರಾಧಕ್ಕೆ ಬೆಂಬಲ ಕೊಟ್ಟ ಹಾಗಲ್ವಾ?

ಉತ್ತರ: ಬೆಂಬಲ ಅಲ್ಲ. ಆದರೆ ನಿಮ್ಮ ಸಿಟ್ಟಿನಲ್ಲಿ ಅರ್ಥ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಈ ಮಾತು ಬರೆದದ್ದು 1895ರಲ್ಲಿ. ಅವರ ಕಣ್ಣು ಇದ್ದದ್ದು ಕಳ್ಳನ ಮೇಲಲ್ಲ, ಕಳ್ಳತನ ಆದ ಮೇಲೆ ಉಳಿದ ಜನ ಏನು ಮಾಡುತ್ತಾರೆ ಅನ್ನೋದರ ಮೇಲೆ. ಸಣ್ಣ ಊರಿನಲ್ಲಿ ಏನೋ ಹಗರಣ ಆಯಿತು ಅನ್ನಿ. ಜನ ದಾರಿಯಲ್ಲೇ ನಿಂತು ಅದನ್ನೇ ಮಾತಾಡುತ್ತಾರೆ, ಒಬ್ಬರ ಮನೆಗೊಬ್ಬರು ಹೋಗುತ್ತಾರೆ, ಒಟ್ಟಿಗೆ ಸೇರಿ ಸಿಟ್ಟಾಗುತ್ತಾರೆ. ಈ ಚಿತ್ರ ಡರ್ಖೈಮ್ ಅವರದೇ. ಅರಳಿಕಟ್ಟೆಯಲ್ಲಿ ಕೂತು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಹೀಗೂ ಮಾಡ್ತಾರಾ?’ ಅಂತ ಹತ್ತು ಜನ ಕೇಳುವಾಗ, ಏನು ಮಾಡಬಾರದು ಅನ್ನೋದು ಆ ಹತ್ತೂ ಜನರಿಗೆ ಮತ್ತೆ ಗಟ್ಟಿಯಾಗುತ್ತದೆ. ಉಪಯೋಗ ಅಂದರೆ ಇಷ್ಟೇ. ಅಪರಾಧ ಮಿತಿಮೀರಿ ಹೆಚ್ಚಿದರೆ ಅದು ರೋಗವೇ ಅಂತಲೂ ಅವರು ಹೇಳಿದ್ದಾರೆ. ಪರೀಕ್ಷೆಯಲ್ಲಿ ಈ ಭಾಗ ಬಿಟ್ಟುಬಿಡುವವರು ಜಾಸ್ತಿ.

ಡರ್ಖೈಮ್ ಅವರದೇ ಇನ್ನೊಂದು ಮಾತಿದೆ. ಬರೀ ಸಂತರೇ ಇರುವ ಮಠದಲ್ಲಿ ಕೊಲೆ ಸುಲಿಗೆ ನಡೆಯದಿರಬಹುದು. ಆದರೆ ನಮ್ಮ ಕಣ್ಣಿಗೆ ತಪ್ಪೇ ಅಲ್ಲದ ಸಣ್ಣ ವಿಷಯ ಅಲ್ಲಿ ದೊಡ್ಡ ಹಗರಣವಾಗುತ್ತದೆ. ಅಂದರೆ ಸರಿ ತಪ್ಪಿನ ನಡುವಿನ ಗೆರೆ ಅಳಿಸಿಹೋಗಲ್ಲ, ಇನ್ನೂ ಒಳಕ್ಕೆ ಸರಿಯುತ್ತದೆ.

ಅಂಥ ಸಂತರ ಊರು ಎಲ್ಲಿದೆ ಅಂತ ಕೇಳಿದರೆ ಒಂದು ಉತ್ತರ ಇದೆ: 17ನೇ ಶತಮಾನದ ಅಮೆರಿಕದ ಮ್ಯಾಸಚೂಸೆಟ್ಸ್. ಇಂಗ್ಲೆಂಡಿನಿಂದ ಹೋದ ಪ್ಯೂರಿಟನ್ ಕ್ರೈಸ್ತರು ದೇವರಿಗೆ ಮೆಚ್ಚುಗೆಯಾಗುವ ಊರು ಕಟ್ಟುತ್ತೇವೆ ಅಂತಲೇ ಹೊರಟಿದ್ದರು. ಕೈ ಎರಿಕ್ಸನ್ ಎಂಬ ಸಮಾಜಶಾಸ್ತ್ರಜ್ಞ ಅವರ ಕೋರ್ಟಿನ ಹಳೇ ಕಡತಗಳನ್ನು ಜಾಲಾಡಿ 1966ರಲ್ಲಿ ಪುಸ್ತಕ ತಂದರು. ಮೊದಲು ಆನ್ ಹಚಿನ್ಸನ್ ಎಂಬ ಹೆಂಗಸು ಸಿಕ್ಕಿಬಿದ್ದರು. ಮನೆಯಲ್ಲಿ ಜನ ಸೇರಿಸಿ ಪಾದ್ರಿಗಳ ಬೋಧನೆಯಲ್ಲಿ ತಪ್ಪು ತೋರಿಸಿದ್ದಕ್ಕೆ 1637ರಲ್ಲಿ ವಿಚಾರಣೆ, ಆಮೇಲೆ ಗಡೀಪಾರು. 1650ರ ದಶಕದಲ್ಲಿ ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಥದವರ ಸರದಿ. ಇವರು ನ್ಯಾಯಾಧೀಶರ ಮುಂದೆಯೂ ಟೋಪಿ ತೆಗೆಯುತ್ತಿರಲಿಲ್ಲ. ಅಷ್ಟು ಸಾಕಾಯಿತು ಜನ ಕೆರಳೋಕೆ. ಚಾಟಿ ಏಟು ಬಿತ್ತು, ಕೆಲವರ ಕಿವಿ ಕತ್ತರಿಸಿದರು. 1660ರಲ್ಲಿ ಬಾಸ್ಟನ್‌ನಲ್ಲಿ ಮೇರಿ ಡೈಯರ್ ಎಂಬ ಕ್ವೇಕರ್ ಹೆಂಗಸನ್ನು ಗಲ್ಲಿಗೇರಿಸಿದರು. 1692ರಲ್ಲಿ ಅದೇ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟಗಾತಿಯರ ಬೇಟೆ ಶುರುವಾಗಿ 19 ಜನ ನೇಣಿಗೆ ಹೋದರು.

ಕಡತಗಳಲ್ಲಿ ಎರಿಕ್ಸನ್‌ಗೆ ಕಂಡದ್ದು ಇದು: ಕ್ವೇಕರ್ ಗಲಾಟೆಯ ಕಾಲದಲ್ಲೂ ಜನಸಂಖ್ಯೆಗೆ ಹೋಲಿಸಿದರೆ ಶಿಕ್ಷೆಯಾದವರ ಪ್ರಮಾಣ ದೊಡ್ಡದಾಗಿ ಏರುಪೇರಾಗಲಿಲ್ಲ. ‘ತಪ್ಪಿತಸ್ಥ’ ಅನ್ನಿಸಿಕೊಂಡವರು ಮಾತ್ರ ಬೇರೆ. ಊರಿಗೆ ತಾನು ಯಾರು ಅನ್ನೋ ಗೊಂದಲ ಬಂದಾಗಲೆಲ್ಲ ಹೊಸ ಪಾಪಿಗಳು ಸಿಗುತ್ತಿದ್ದರು.

ಇಲ್ಲಿಗೆ ನಿಮ್ಮ ಸಿಟ್ಟಿನ ವಿಷಯ. ಡರ್ಖೈಮ್ ಉಪಯೋಗ ಅಂತಾರಲ್ಲ, ಯಾರಿಗೆ? ಸೇಲಂನ ಒಗ್ಗಟ್ಟಿನಿಂದ ನೇಣಿಗೆ ಹೋದವರಿಗೆ ಏನು ಬಂತು? ಗೆರೆ ಎಳೆಯುವ ಅಧಿಕಾರ ಪಾದ್ರಿ ಮತ್ತು ಗವರ್ನರ್ ಕೈಯಲ್ಲಿದ್ದಾಗ ಅದನ್ನು ‘ಸಮಾಜ’ ಎಳೆಯಿತು ಅನ್ನೋದು ಸ್ವಲ್ಪ ಜಾರಿಕೊಳ್ಳುವ ಮಾತು. ಮಾರ್ಕ್ಸ್‌ವಾದಿಗಳ ತಕರಾರೂ ಸುಮಾರಾಗಿ ಇದೇ, ನನಗೂ ಇದು ಸರಿ ಅನಿಸುತ್ತದೆ. ಇನ್ನೊಂದು ತೊಡಕು: ಒಂದು ಘಟನೆಯಿಂದ ಒಳ್ಳೆಯದಾಯಿತು ಅಂದರೆ ಅದಕ್ಕೋಸ್ಕರವೇ ಅದು ನಡೆಯಿತು ಅಂತಲ್ಲ. ಕಳ್ಳ ಊರನ್ನು ಒಗ್ಗೂಡಿಸೋಕೆ ಬೀಗ ಒಡೆಯಲ್ಲ.

ಹಾಗಾದರೆ ಯಾಕೆ ಒಡೆಯುತ್ತಾನೆ? ಇದು ಬೇರೆಯೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್, 1938ರಲ್ಲಿ. ದುಡ್ಡು ಮಾಡಿ ಮೇಲೆ ಬರಬೇಕು ಅಂತ ಸಮಾಜ ಎಲ್ಲರ ತಲೆಯಲ್ಲೂ ತುಂಬುತ್ತದೆ, ಆದರೆ ಓದು, ಕೆಲಸ ಎಲ್ಲರಿಗೂ ಒಂದೇ ಥರ ಸಿಗಲ್ಲ. ಆಗ ಕೆಲವರು ಗುರಿ ಬಿಡದೆ ದಾರಿ ಬದಲಿಸುತ್ತಾರೆ, ಅಡ್ಡದಾರಿ ಹಿಡಿಯುತ್ತಾರೆ. ಇದು ಬಡವರ ಕಳ್ಳತನಕ್ಕೆ ಚೆನ್ನಾಗಿ ಹೊಂದುತ್ತದೆ. ಕೋಟಿ ಇದ್ದವರು ಯಾಕೆ ಮೋಸ ಮಾಡುತ್ತಾರೆ ಅಂದರೆ ಅಷ್ಟು ಚೆನ್ನಾಗಿ ಹೊಂದಲ್ಲ. ಸುಮ್ನೆ ಗೋಡೆ ಮೇಲೆ ಗೀಚಿ ಹೋಗುವ ಹುಡುಗರಿಗಂತೂ ಹೊಂದೋದೇ ಇಲ್ಲ, ಅದರಲ್ಲಿ ದುಡ್ಡೇ ಇಲ್ವಲ್ಲ. 1955ರಲ್ಲಿ ಆಲ್ಬರ್ಟ್ ಕೋಹೆನ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಹಿಡಿದದ್ದು ಇದನ್ನೇ: ಶಾಲೆಯಲ್ಲಿ ಸಿಗದ ಮರ್ಯಾದೆಯನ್ನು ಆ ಹುಡುಗರು ತಮ್ಮ ಗುಂಪಿನಲ್ಲಿ ಗಳಿಸಿಕೊಳ್ಳುತ್ತಾರೆ.

ಪರೀಕ್ಷೆಗೆ ಓದುತ್ತಿದ್ದರೆ ಡರ್ಖೈಮ್ ಮತ್ತು ಮರ್ಟನ್ ಇಬ್ಬರನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ. ಒಬ್ಬರು ಕೇಳಿದ್ದು ಅಪರಾಧದಿಂದ ಏನಾಗುತ್ತದೆ ಅಂತ, ಇನ್ನೊಬ್ಬರು ಕೇಳಿದ್ದು ಅದು ಯಾಕಾಗುತ್ತದೆ ಅಂತ.