ನಿಕ್ಕಲ್ ಬಳಸಿದರೆ ಹೈಡ್ರೋಜನ್ ಅಗ್ಗವಾಗುತ್ತದೆಯೇ?

ಪ್ರಶ್ನೆ: ಪ್ಲಾಟಿನಂ, ಇರಿಡಿಯಂ ಬದಲು ಕಬ್ಬಿಣ, ನಿಕ್ಕಲ್‌ನಂಥ ಲೋಹಗಳಿಂದ ನೀರು ಒಡೆಯುವ ಕ್ರಿಯೆಯನ್ನು ಚುರುಕುಗೊಳಿಸುವ ಕ್ರಿಯಾವರ್ಧಕ ತಯಾರಿಸಿದರೆ ಹಸಿರು ಹೈಡ್ರೋಜನ್ (ಸೌರ, ಗಾಳಿ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುವುದು) ಕೂಡ ಅಗ್ಗವಾಗಬೇಕಲ್ಲವೇ?

ಉತ್ತರ: ಹೊಸ ಕ್ರಿಯಾವರ್ಧಕದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ. ಬೆನ್ನಿಗೇ ಒಂದು ನಂಬಿಕೆಯೂ ಬರುತ್ತದೆ: ದುಬಾರಿ ಲೋಹವೊಂದೇ ಅಡ್ಡಿ, ಅದು ತೊಲಗಿದರೆ ನೀರಿನಿಂದ ಪುಕ್ಕಟೆ ಇಂಧನ. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಹಾಗಾಗಿ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಒಂದು ಕಿಲೋ ಹೈಡ್ರೋಜನ್ ಉರಿದು ನೀರಾದಾಗ ಸುಮಾರು 39 ಯೂನಿಟ್ ಶಕ್ತಿ ಹೊರಬರುತ್ತದೆ. ಆ ನೀರನ್ನು ಮತ್ತೆ ಒಡೆಯಬೇಕೆಂದರೆ ಅಷ್ಟನ್ನೂ ಹಿಂದಿರುಗಿಸಬೇಕು. ಇಲ್ಲಿ ಚೌಕಾಸಿ ನಡೆಯುವುದಿಲ್ಲ. ಯಾವ ಕ್ರಿಯಾವರ್ಧಕವೂ ಈ 39ನ್ನು 38 ಮಾಡಲಾರದು. ವಿದ್ಯುತ್ತಿನಿಂದ ನೀರನ್ನು ಒಡೆಯುವ ಈಗಿನ ಘಟಕಗಳು ಕಿಲೋಗೆ 50ರಿಂದ 55 ಯೂನಿಟ್ ಬೇಡುತ್ತವೆ. ಕ್ರಿಯಾವರ್ಧಕ ಉಳಿಸಬಲ್ಲದ್ದೆಲ್ಲ ನಡುವಿನ ಆ ಹತ್ತು-ಹದಿನೈದು ಯೂನಿಟ್‌ಗಳಲ್ಲೇ ಇದೆ. ಅದರಲ್ಲೂ ಒಂದು ಪಾಲು ಘಟಕದೊಳಗಿನ ದ್ರಾವಣ ಮತ್ತು ಪೊರೆ ವಿದ್ಯುತ್ತಿಗೆ ಒಡ್ಡುವ ರೋಧದಿಂದ ಬಿಸಿಯಾಗಿ ಹೋಗುತ್ತದೆ. ಯೂನಿಟ್‌ಗೆ 4 ರೂಪಾಯಿ ಎಂದು ಹಿಡಿದರೂ 52 ಯೂನಿಟ್‌ಗೆ 208 ರೂಪಾಯಿ. ಲೋಹವನ್ನು ಯಾರಾದರೂ ದಾನ ಕೊಟ್ಟರೂ ಈ ಬಿಲ್ ಕಟ್ಟಲೇಬೇಕು. ಅಗ್ಗವೆಂದು ತಂದ ಕ್ರಿಯಾವರ್ಧಕ 4 ಯೂನಿಟ್ ಹೆಚ್ಚು ಕೇಳಿದರೆ ಪ್ರತಿ ಕಿಲೋಗೂ 16 ರೂಪಾಯಿ ಕೈಬಿಡುತ್ತದೆ, ಘಟಕ ನಡೆಯುವಷ್ಟು ವರ್ಷವೂ.

ಇನ್ನು, ನಿಕ್ಕಲ್ ಹೊಸದೇನಲ್ಲ. ಕ್ಷಾರದ ದ್ರಾವಣದಲ್ಲಿ ನೀರನ್ನು ಒಡೆಯುವ ಕ್ಷಾರೀಯ ಘಟಕಗಳು ನೂರು ವರ್ಷಗಳಿಂದ ನಿಕ್ಕಲ್ ಮತ್ತು ಉಕ್ಕನ್ನೇ ನಂಬಿವೆ. ಪಂಜಾಬಿನ ನಂಗಲ್ ರಸಗೊಬ್ಬರ ಕಾರ್ಖಾನೆ 1960ರ ದಶಕದಲ್ಲೇ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಪಡೆಯುತ್ತಿತ್ತು. ಇರಿಡಿಯಂ ಬೇಕಾಗುವುದು ಪಿಇಎಂ ಘಟಕಗಳಲ್ಲಿ, ಅಂದರೆ ಕ್ಷಾರದ ದ್ರಾವಣದ ಬದಲು ಪ್ರೋಟಾನ್ ಹಾಯಲು ಬಿಡುವ ಪೊರೆ ಬಳಸುವ ಘಟಕಗಳಲ್ಲಿ. ಅಲ್ಲಿನ ಪೊರೆ ಆಮ್ಲೀಯ. ವಿದ್ಯುತ್ ಹಾಯಿಸುವ ಎರಡು ಎಲೆಕ್ಟ್ರೋಡ್‌ಗಳಲ್ಲಿ ಆಕ್ಸಿಜನ್ ಹುಟ್ಟುವ ಕಡೆಯದಾದ ಆನೋಡ್‌ನಲ್ಲಿ ನಿಕ್ಕಲ್, ಕಬ್ಬಿಣ ಕರಗಿಹೋಗುತ್ತವೆ. ಇರಿಡಿಯಂ ಜಗತ್ತಿನಲ್ಲಿ ವರ್ಷಕ್ಕೆ ಸಿಗುವುದು ಏಳೆಂಟು ಟನ್, ಬಹುಪಾಲು ದಕ್ಷಿಣ ಆಫ್ರಿಕಾದಿಂದ. ಅಲ್ಲಿ ಬೆಲೆಗಿಂತ ಈ ಕೊರತೆಯೇ ದೊಡ್ಡ ತೊಡಕು.

ಹಾಗಾದರೆ ನಿಕ್ಕಲ್ ಮೇಲೆ ಇನ್ನೂ ಸಂಶೋಧನೆ ಏಕೆ? ಇದು ನನಗೆ ಬಹಳ ಇಷ್ಟವಾದ ಭಾಗ. ಆಕ್ಸಿಜನ್ ಬಿಡಿಸುವ ಕೆಲಸದಲ್ಲಿ ನಿಕ್ಕಲ್ ಚುರುಕು ಎಂದೇ ಎಲ್ಲರೂ ತಿಳಿದಿದ್ದರು. ಕ್ಷಾರೀಯ ಘಟಕದ ದ್ರಾವಣವಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕಶ್ಮಲವಾಗಿ ಬೆರೆತ ಅತ್ಯಲ್ಪ ಕಬ್ಬಿಣವೂ ಆ ಚುರುಕನ್ನು ಹೆಚ್ಚಿಸುತ್ತದೆ ಎಂದು ಸಂಶೋಧಕ ಡೆನಿಸ್ ಕಾರಿಗನ್ 1987ರಲ್ಲಿ ತೋರಿಸಿದರು. 2014ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಶಾನನ್ ಬೋಚರ್ ತಂಡ ದ್ರಾವಣವನ್ನು ಶುದ್ಧ ನಿಕ್ಕಲ್ ಹೈಡ್ರಾಕ್ಸೈಡ್ ಪುಡಿಯೊಂದಿಗೆ ಕಲಕಿತು. ಆ ಪುಡಿಯು ದ್ರಾವಣದಲ್ಲಿದ್ದ ಕಬ್ಬಿಣವನ್ನೆಲ್ಲ ಹೀರಿಕೊಂಡಿತು. ಉಳಿದ ದ್ರಾವಣದಲ್ಲಿ ನಿಕ್ಕಲ್ ಮಂಕಾಯಿತು. ಅಷ್ಟು ಕಾಲ ನಿಕ್ಕಲ್‌ಗೆ ಸಂದ ಹೆಸರಿನಲ್ಲಿ ದೊಡ್ಡ ಪಾಲು ಕಬ್ಬಿಣದ್ದಾಗಿತ್ತು! ಈಗಿನ ಕೆಲಸವೆಲ್ಲ ಆ ಕಬ್ಬಿಣವನ್ನು ಜಾಗ ಬಿಡದಂತೆ ಹಿಡಿದಿಡುವುದರಲ್ಲಿದೆ. ಸಂಜೆ ಸೌರ ವಿದ್ಯುತ್ ನಿಂತಾಗ ಕ್ಷಾರೀಯ ಘಟಕದಲ್ಲಿ ಹಿಮ್ಮುಖ ಪ್ರವಾಹ ಹರಿದು ಎಲೆಕ್ಟ್ರೋಡ್ ಸವೆಯುತ್ತದೆ, ಅದನ್ನೂ ತಾಳಿಕೊಳ್ಳಬೇಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಸಮುದ್ರದ ನೀರನ್ನೇ ನೇರವಾಗಿ ಏಕೆ ಒಡೆಯಬಾರದು? ಉಪ್ಪಿನ ಕ್ಲೋರೈಡ್ ಲೋಹವನ್ನು ತಿನ್ನುತ್ತದೆ, ಆನೋಡ್‌ನಲ್ಲಿ ಕ್ಲೋರಿನ್ ಅನಿಲವೂ ಹುಟ್ಟಬಹುದು. ಇದನ್ನು ತಡೆಯುವ ಕ್ರಿಯಾವರ್ಧಕಗಳ ಹುಡುಕಾಟ ನಡೆದಿದೆ. ಆದರೆ ಕಿಲೋ ಹೈಡ್ರೋಜನ್‌ಗೆ ಒಡೆಯಬೇಕಾದ ನೀರು 9 ಲೀಟರ್. ಸಾವಿರ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡಲು ಆರ್‌ಒ ಸ್ಥಾವರಕ್ಕೆ ಮೂರು-ನಾಲ್ಕು ಯೂನಿಟ್ ಸಾಕು. ಅಂದರೆ 9 ಲೀಟರ್‌ಗೆ ಯೂನಿಟ್‌ನ ಶೇಕಡಾ 4ರಷ್ಟೂ ಆಗುವುದಿಲ್ಲ. ಹಾಗಾಗಿ ಸಮುದ್ರದ ನೀರನ್ನು ನೇರವಾಗಿ ಒಡೆದು ಉಳಿಸುವ ವಿದ್ಯುತ್ ತೀರಾ ಅಲ್ಪ.